ನೆನಿಸದ ಇದ್ದಲಿ

20 ಜುಲೈ, ಗುರುವಾರ. ಮುಂಜಾನೆ 11

ಇದ್ದಲಿ ನೆನಿಹಾಕಿದ ಡ್ರಮ್ ತಿರುವಿದೆ. ಐದನೇ ದಿನ. ಗಂಜಳದ ವಾಸನಿ ಸೀರಿಗೆಲ್ಲಾ ಹತ್ತೇತಿ — ಬೀರಲಿಂಗ ಮೂಗ ಮುಚ್ಚಕೊಂಡ ಅಂಗಳಾ ದಾಟಿದ. ಕಟಗೊಂಡ ಗಂಡ ಅಂತ ಗಂಡ! ಇನ್ನೂ ಹತ್ತ ದಿನ ನೆನಿಬೇಕು. ಹತ್ತಿಕಟಗಿ ಸುಟ್ಟ ಇದ್ದಲಿ ಹಸದಿರತೈತಿ. ಹಂಗ ಹೊಲಕ್ಕ ಹಾಕಿದ್ರ ಬೆಳಿ ಉಣ್ಣೂದನ್ನ ತಾನ ಉಣ್ಣತೈತಿ. ಗಂಜಳ ಕುಡಿಸಿ ಹೊಟ್ಟಿ ತುಂಬಿಸಿ ಹಾಕಿದ್ರ ನೀರ ಹಿಡಕೊಂಡು, ಮಳಿ ಕೈಕೊಟ್ರೂ ಬೆಳಿ ತಡಿತೈತಿ. ಬಯೋಚಾರ್ ಅಂದ್ರ ಈ ಇದ್ದಲಿ ಗೊಬ್ಬರದ ಟ್ರೇನಿಂಗ್‌ನಾಗ ಇದನ್ನ ನಾನ ಬ್ಯಾರೆ ಊರಿನವರಿಗೆ ಹೇಳತೇನಿ; ನಮ್ಮ ಸಂಘದಾಗ ಇನ್ನೂ ಹೇಳಿಲ್ಲ. ಕೃಷಿ ಸಖಿ ಅಂತ ಬ್ಯಾಡ್ಜ್ ಬ್ಯಾರೆ ಐತಿ ಕೊಳ್ಳಾಗ.

ಮಧ್ಯಾಹ್ನ 3

ಪ್ರಾಜೆಕ್ಟ್ ಸಾಹೇಬ್ರ ಫೋನ್. ನಾಳೆ ಕ್ಯಾಮೆರಾ ಬರತೈತಂತ. ಸುಡೂದು, ಹಾಕೂದು ಎಲ್ಲಾ ಒಂದ ದಿನದಾಗ ತೋರಸಬೇಕಂತ.

"ನೆನಿಸೂದ್ರಿ ಸರ್?"

"ಫೋಟೋದಾಗ ಅದ ಯಾರಿಗೆ ಕಾಣತೈತ್ರಿ ವಿದ್ಯಾ?"

ಹೂಂ ಅಂದೆ. ಗೆಳತಿ ಮುಸರತಳ ಹೊಲ ಗಬ್ಬೂರ ಬೈಪಾಸಿಗೆ ಹತ್ತಿ ಐತಿ, ಗಾಡಿ ನಿಲ್ಲಾಕ ಛಲೋ.

21 ಜುಲೈ, ಶುಕ್ರವಾರ

ಕುಣಿಯಾಗ ಕಟಗಿ ಸುಟ್ವಿ, ನೀರ ಹೊಡದ್ವಿ, ಪುಡಿ ಮಾಡಿ ಅರ್ಧ ಹೊಲದ ಮೆಣಸಿನ ಸಸಿಗೆ ಹಾಕಿದ್ವಿ. ಸಂಘದಾಗ ಹತ್ತ ವರ್ಷದಿಂದ ನನ್ನ ಬಾಜೂ ಕೂಡೂ ಮುಸರತ. ಆಕಿ ಗಂಡ ಮಲ್ಲಿಕಸಾಬ ಗ್ಯಾರೇಜ್ ಹಿಡದು ಹೊಲಾ ಹೆಂಡತಿ ಕೈಗೆ ಬಿಟ್ಟಾನ. ಈ ಸಲದ ಮೆಣಸಿನಕಾಯಿ ಆಕಿ ಒಬ್ಬಾಕಿದು. ಅಮರಗೋಳ ಮಾರ್ಕೆಟ್ಟಿನ ಹರಾಜಿನಾಗ ತನ್ನ ಹೆಸರ ಕೂಗಬೇಕಂತ ಆಸಿ.

ಕ್ಯಾಮೆರಾ ಮುಂದ, "ವಿದ್ಯಾ ಕಲ್ಲ ಹಾಕಂದ್ರೂ ಹಾಕತೇನ್ರಿ" ಅಂದ್ಲು. ಎಲ್ಲಾರೂ ಚಪ್ಪಾಳಿ. ನಾನೂ ಹೊಡದೆ. ನಾಚಿಗ್ಗೇಡಿ.

9 ಆಗಸ್ಟ್, ಬುಧವಾರ

ಮಳಿ ಹೋಗಿ ಹತ್ತ ದಿನ. ಇದ್ದಲಿ ಹಾಕಿದ ಅರ್ಧ ಹೊಲ ತಿಳಿ ಹಳದಿ. ಕೆಳಗಿನ ಎಲಿ ಮದ್ಲ. ನೋಡಿದ ಕೂಡ್ಲೆ ಗೊತ್ತಾತು ನನಗ... ನೆಲ ಬಗದೆ. ಬೊಟ್ಟಿನುದ್ದ ಕೆಳಗ ಇನ್ನೂ ಹಸಿ ಐತಿ. ಇವತ್ತ ಹೇಳಿ ಗೊಬ್ಬರದ ನೀರ ಬುಡಕ್ಕ ಹಾಕಿಸಿದ್ರ ತಿರುಗಿ ಹಸರಾಗತೈತಿ. ಹಸಿ ಆರಿದ ಮ್ಯಾಲ ಏನ ಹಾಕಿದ್ರೂ ಬೇರಿಗೆ ಮುಟ್ಟೂದಿಲ್ಲ.

"ಏನಾಗೇತಿ ವಿದ್ಯಾ ಇದಕ್ಕ?" ಮುಸರತ ಕೇಳಿದ್ಲು.

"ಬಿಸಲಿಗೆ" ಅಂದೆ.

ಬಿಸಲಿಗಂತ! ಸುಳ್ಳ ಹೇಳೂ ಟ್ರೇನಿಂಗ್ ಯಾರ ಕೊಟ್ರವಾ ನಿನಗ?

14 ಆಗಸ್ಟ್, ಸೋಮವಾರ

ಬೀರಲಿಂಗನ ಮುಂದ ಹೇಳಿದೆ. "ಸುಮ್ನಿರ. ಈ ವರ್ಷ ಎಲ್ಲಾರ ಹೊಲಾನೂ ಬಾಡಾಕತ್ತಾವ. ನಿನ್ನ ತಪ್ಪ ಅಂತ ಯಾರಿಗೆ ಗೊತ್ತಾಗತೈತಿ?" ಅಂದ. ಖರೇ. ಯಾರಿಗೂ ಗೊತ್ತಾಗೂದಿಲ್ಲ. ಸಮಾಧಾನ ಆತು, ಅದಕ್ಕ ನನ್ನ ಮ್ಯಾಲ ನನಗ ಸಿಟ್ಟ ಬಂತು.

17 ಆಗಸ್ಟ್, ಗುರುವಾರ

ಸಂಘದ ಮೀಟಿಂಗ್. ಶಾಹೀನ ಅಂದ ಬಿಟ್ಲು — "ಈ ವಿದ್ಯಾ ಇದ್ದಲಿ ಹಾಕಿಸಿ ಮುಸರತಳ ಹೊಲಾ ಸುಡಗಾಡ ಮಾಡಿದ್ಲು." ಮುಸರತ ಎದ್ದ ನಿಂತ್ಲು.

"ಮಟಮಟ ಮಧ್ಯಾಹ್ನ ಬಂದ ನೋಡ. ಇದ್ದಲಿ ಇಲ್ಲದ ಅರ್ಧ ಜೋತ ಬೀಳತೈತಿ. ಇದ್ದಲಿ ಹಾಕಿದ್ದು ಹಳದಿ ಇದ್ರೂ ನಿಂತೈತಿ. ನನ್ನ ವಿದ್ಯಾಗ ಏನೂ ಅನಬ್ಯಾಡ."

ನಿಂತಿದ್ದು ಖರೇ. ನೀರ ಹಿಡದೈತಿ, ಹೊಟ್ಟಿಗಿಲ್ಲ ಅಷ್ಟ. ಹಿಂಗ ಇದ್ರ ಹೂವ ಬಿಡೂದಿಲ್ಲ... ನನ್ನ ವಿದ್ಯಾ ಅಂದ್ಲು. ಅಲ್ಲೇ ಅಳು ಬಂತು. ಕೆಮ್ಮಿದಂಗ ಮಾಡಿದೆ.

21 ಆಗಸ್ಟ್. ಪಂಚಮಿ

ಪ್ರತಿ ವರ್ಷ ಮುಸರತಳ ಮನಿಗೆ ಉಂಡಿ ಡಬ್ಬಿ ನಾನ ಒಯ್ಯತೇನಿ. ಈ ಸಲ ಬೀರಲಿಂಗನ ಕಡೆ ಕಳಿಸಿದೆ. "ಆರಾಮಿಲ್ಲೇನ ವಿದ್ಯಾಗ?" ಅಂತ ಮೂರ ಸಲ ಕೇಳಿದ್ಲಂತ. ಡಬ್ಬಿ ತುಂಬ ಶಾವಗಿ ಹಾಕಿ ಕಳಿಸ್ಯಾಳ. ತಿನ್ನಾಕ ಆಗವಲ್ತು.

28 ಆಗಸ್ಟ್, ಸೋಮವಾರ. ಮುಂಜಾನೆ 7

ಇವತ್ತ ಹೇಳತೇನಿ. ಹಸಿ ಆರೇತಿ, ಆ ಅರ್ಧ ಕೈ ಬಿಟ್ಟಂಗ. ಇನ್ನೊಂದ ಅರ್ಧ ಬಾಡಿದ್ರೂ ಹಸರ ಐತಿ. ಒಂದ ಮಳಿ ಬಿದ್ರ ಅದಾದ್ರೂ ಉಳಿತೈತಿ. ಬೈದ್ರ ಬೈಲಿ. ಹೊಡದ್ರ ಹೊಡೀಲಿ.

ಮುಂಜಾನೆ 10

ಹೋದೆ. ಹೊಲದಾಗ ಹೊಗಿ ಏಳಾಕತ್ತಿತ್ತು. ಮುಸರತಳ ಕೈ, ಮಾರಿ ಎಲ್ಲಾ ಕರಿ. ನಗಾಕತ್ತಿದ್ಲು. ಉಳದ ಅರ್ಧಕ್ಕೂ ಇದ್ದಲಿ ಹಾಕಿ ಮುಗಿಸ್ಯಾಳ... ಎರಡ ದಿನ, ಒಬ್ಬಾಕಿನ.

"ನಿನಗ ಆರಾಮಿಲ್ಲ, ತ್ರಾಸ ಯಾಕ ಕೊಡ್ಲೆಂತ ನಾನ ಮಾಡಿದೆ. ಅವತ್ತ ಕಣ್ಣಾರೆ ನೋಡೇನಲ್ಲ? ಸುಟ್ಟೆ, ನೀರ ಹೊಡದೆ, ಹಾಕಿದೆ. ಥೇಟ್ ನಿನ್ನಂಗ!"

ಹೇಳಿದೆ. ನಿಂತಲ್ಲೇ ಎಲ್ಲಾ ಹೇಳಿದೆ. ನೆನಿಸೂದು, ಕ್ಯಾಮೆರಾ, ಬಿಸಲು ಅಂದದ್ದು. ಆಕಿ ಸಾಲಿನಾಗ ಕುಂತು ಸಸಿ ಬುಡದಿಂದ ಇದ್ದಲಿ ಕೈಲೆ ಬಳ್ಯಾಕ ಹತ್ತಿದ್ಲು. ಒಂದ ಸಸಿ, ಮತ್ತೊಂದ ಸಸಿ. ನಾನೂ ಕುಂತೆ.

"ನೀ ಮುಟ್ಟಬ್ಯಾಡ."

ಮಾರಿ ಎತ್ತಲಿಲ್ಲ. ಹಂಗ ಕೇಳಿದ್ಲು, "ಯಾವತ್ತ ಗೊತ್ತಾತ ನಿನಗ?"

"ಒಂಬತ್ತನೇ ತಾರೀಖ."

ಕರಿ ಬೊಟ್ಟ ಮಡಚಿ ದಿನಾ ಎಣಸಿದ್ಲು. ಮೀಟಿಂಗಿನ ದಿನಕ್ಕ ಬಂದ ಕೂಡ್ಲೆ ಬೊಟ್ಟ ನಿಂತ್‌ಬಿಡ್ತು. ನನ್ನ ಮಾರಿ ನೋಡಿ ಅಂದ್ಲು, "ಅವತ್ತ ನಿನ್ನ ಸಲುವಾಗಿ ಎದ್ದ ನಿಂತೆ. ನಿನಗ ಆಗ್ಲೇ ಗೊತ್ತಿತ್ತು."