ಗುತ್ತೂರಿನ ಹನ್ನೊಂದು ಮನೆಯ ಕೇಬಲ್ಲು ಮತ್ತು ಉಡಚಮ್ಮನ ಸಹಿ

ದಾವಣಗೆರೆಯ ಮಾನ್ಯ ವಿದ್ಯುತ್ ಎಂಜಿನಿಯರ್ ಸಾಹೇಬರೇ,

ಗುತ್ತೂರಿನ ಉಡಚಮ್ಮನ ಮೀಟರ್ ಬೋರ್ಡು ಸುಟ್ಟಿದ್ದು ನಿಮ್ಮ ಕಚೇರಿ ಕೊಟ್ಟ ಕೇಬಲ್ಲಿನಿಂದ, ನಿಮ್ಮವರೇ ಹೇಳಿ ಹಾಕಿಸಿದ ಗಂಟಿನಿಂದ. ನಿಮ್ಮ ವರದಿ ಮಾತ್ರ ‘ಗ್ರಾಹಕರು ವೈರ್‌ಮನ್ನನಿಂದ ಮಾಡಿಸಿಕೊಂಡ ಅನಧಿಕೃತ ಜೋಡಣೆ’ ಎನ್ನುತ್ತದೆ. ಆ ಮಾತಿಗೆ ಆಕೆ ಸಹಿ ಹಾಕಿದರಷ್ಟೇ ಮತ್ತೆ ಕರೆಂಟಂತೆ. ಮೂರು ತಿಂಗಳಿಂದ ಆಕೆಯ ರೊಟ್ಟಿ ಮಷಿನ್ನು ಹಳೇ ಸೀರೆ ಹೊದ್ದು ಕೂತಿದೆ. ಮಾಡಿದ ತಪ್ಪನ್ನು ಮುಚ್ಚಿಟ್ಟವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅದನ್ನು ಅಂದವಾಗಿ ಟೈಪು ಮಾಡಿಸಿ ಇನ್ನೊಬ್ಬರ ಮುಂದೆ ಸಹಿಗೆ ಹಿಡಿದವರನ್ನು ನೋಡಿದ್ದು ಇದೇ ಮೊದಲು.

ನಡೆದದ್ದನ್ನು ನಮ್ಮೂರ ಕಟ್ಟೆಯ ಮೇಲೆ ಹೇಳುವ ಹಾಗೆಯೇ ಹೇಳುತ್ತೇನೆ, ಕೇಳಿ. ಹೋದ ವರ್ಷ ನಮ್ಮ ಓಣಿಯ ಹನ್ನೊಂದು ಮನೆಗಳಿಗೆ ಕಂಬದಿಂದ ಹೊಸ ಕೇಬಲ್ ಎಳೆಯುವ ಕೆಲಸ ಬಂತು. ನೀವು ಗೊತ್ತು ಮಾಡಿದ ವೈರ್‌ಮನ್ ನಮ್ಮೂರಿನ ಸಣ್ಣಬೀರಪ್ಪ. ಪ್ರಾಯದಲ್ಲಿ ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ಹರಿದ ನೂಲಿಗೆ ಗಂಟು ಹಾಕುತ್ತಿದ್ದವನು. ಮಿಲ್ಲು ಮುಚ್ಚಿದ ಮೇಲೆ ವೈರಿನ ಕೆಲಸ ಕಲಿತ. ಎರಡು ತುದಿ ಕಂಡರೆ ಸಾಕು, ಅವನ ಬೆರಳುಗಳು ತಾವಾಗಿಯೇ ಓಡುತ್ತವೆ. ಕೇಬಲ್ಲಿನ ಮೇಲೆ ಅಚ್ಚಾದ ಅಕ್ಷರ ಓದಿ, ಅವನು ನಿಮ್ಮ ಕಿರಿಯ ಎಂಜಿನಿಯರ್ ಹತ್ತಿರ ಹೋದ. ನಾನೂ ಅಲ್ಲೇ ಇದ್ದೆ.

“ಸಾಹೇಬ್ರ, ಆರ್ಡರಿನ್ಯಾಗ ಅಲಾಯ್ ಕೇಬಲ್ ಅಂತ ಐತ್ರಿ. ಇದು ಬರೀ ಅಲ್ಯೂಮಿನಿಯಂ.”

“ಅಲಾಯ್ ಅಂದ್ರೆ ಬೆರಕೆ ಮಾಲು ಅಲ್ಲೇನಪ್ಪ? ನಾನು ಶುದ್ಧದ್ದೇ ತರಿಸೀನಿ. ಅದಕ್ಕೂ ತಕರಾರೇನು?”

“ಬೋರ್ಡಿನ ಕಡೆ ತಾಮ್ರದ ವೈರ್ ಐತ್ರಿ. ನಡುವೆ ಎರಡೂ ಲೋಹಕ್ಕೆ ಹೊಂದೋ ಬೈಮೆಟಲ್ ಲಗ್ ಬ್ಯಾಡೇನ್ರಿ?”

“ಸ್ಟೋರಿನ್ಯಾಗ ಇಲ್ಲ. ನಿಂದು ಮಿಲ್ಲಿನ ಗಂಟು ಐತಲ್ಲ, ಆನೆ ಎಳೆದ್ರೂ ಬಿಚ್ಚಲ್ಲಂತೆ! ಅದನ್ನೇ ಬಿಗಿ.”

ಓಣಿಯವರೆಲ್ಲ ನಕ್ಕೆವು. ಸಣ್ಣಬೀರಪ್ಪನೂ ಉಬ್ಬಿದ. ಹನ್ನೊಂದು ಮನೆಯಲ್ಲೂ ಎಳೆ ಬಿಡಿಸಿ, ಹೊಸೆದು, ಗಂಟು ಬಿಗಿದ. ಉಬ್ಬಿದ್ದು ಅವನ ತಪ್ಪು, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಹೇಳಿದವರು ಯಾರು?

ನಮ್ಮ ಹೆಂಗಸರು ಅಲ್ಯೂಮಿನಿಯಂ ಪಾತ್ರೆಯಲ್ಲಿ ಹುಣಸೆ ಹುಳಿ ಇಡುವುದಿಲ್ಲ. ಯಾವ ಲೋಹ ಯಾವುದರ ಜೊತೆ ಬಾಳುವುದಿಲ್ಲ ಎಂಬುದು ಒಲೆಯ ಮುಂದೆ ಕೂತವರಿಗೂ ಗೊತ್ತು. ತಾಮ್ರ ಮತ್ತು ಅಲ್ಯೂಮಿನಿಯಂ ನೇರವಾಗಿ ಅಂಟಿಕೊಂಡು, ಮೇಲೆ ಮಳೆಗಾಲದ ತೇವ ಬಿತ್ತೆಂದರೆ ಅಲ್ಯೂಮಿನಿಯಂ ಸವೆದು ಬೂದಿ ಕಟ್ಟುತ್ತದೆ. ಕರೆಂಟಿಗೆ ದಾರಿ ಕಿರಿದಾಗಿ ಜೋಡಣೆ ಬಿಸಿಯೇರುತ್ತದೆ. ಬರೀ ಅಲ್ಯೂಮಿನಿಯಂ ಇನ್ನೂ ಮೆತ್ತಗೆ. ಇವತ್ತು ಎಷ್ಟೇ ಬಿಗಿದರೂ ಒತ್ತಡಕ್ಕೆ ಮೆಲ್ಲಗೆ ಜರುಗಿ ನಾಳೆ ಸಡಿಲವಾಗುತ್ತದೆ. ಒಂದಿಷ್ಟು ಕಬ್ಬಿಣ ಮೊದಲಾದವು ಸೇರಿದ ಮಿಶ್ರಲೋಹದ ಕೇಬಲ್ಲು, ಅಂದರೆ ಆ ಅಲಾಯ್, ಬಿಗಿದ ಜಾಗದಲ್ಲಿ ಅಷ್ಟು ಬೇಗ ಜರುಗುವುದಿಲ್ಲ. ಹಾಗಂತ ಅದಕ್ಕೂ ಲಗ್ ತಪ್ಪಿದ್ದಲ್ಲ. ತಾಮ್ರವಿದ್ದ ಕಡೆ ಅಲ್ಯೂಮಿನಿಯಂ ಹಾಕುವುದಾದರೆ ಒಂದು ಸೈಜು ದಪ್ಪದ್ದೇ ಬೇಕು. ದಪ್ಪ ಎಂದರೆ ಒಳಗಿನ ಲೋಹದ್ದು, ಮೇಲಿನ ಕರಿ ಪ್ಲಾಸ್ಟಿಕ್ಕಿನದಲ್ಲ. ಹರಿಹರದಲ್ಲಿ ಎಲೆಕ್ಟ್ರಿಕ್ ಅಂಗಡಿ ಇಟ್ಟಿರುವ ನಿಖತ್, ನಾನು ಒಂದು ಕಪ್ ಚಹಾ ಮುಗಿಸುವುದರೊಳಗೆ ಇಷ್ಟನ್ನೂ ತಿಳಿಸಿಕೊಟ್ಟರು. ನಿಮ್ಮ ಕಚೇರಿಯಲ್ಲಿ ಚಹಾ ಬರುವುದಿಲ್ಲವೇ?

ಬೋರ್ಡಿನಿಂದ ಹೊಗೆ ಎದ್ದಾಗ ಉಡಚಮ್ಮ ಮಷಿನ್ನಿನ ಮುಂದೆಯೇ ಇದ್ದಳು. ಮರಳು ಎರಚಿ, ಕೈ ಸುಟ್ಟುಕೊಂಡು, ಮನೆ ಉಳಿಸಿಕೊಂಡಳು. ಹರಿಹರದ ಕಾರ್ಖಾನೆ ಮೆಸ್ಸಿಗೆ ಆಕೆಯದೇ ರೊಟ್ಟಿ ಹೋಗುತ್ತಿತ್ತು. ಎರಡು ವಾರ ಕೈಯಲ್ಲೇ ಬಡಿದು ಕಳಿಸಿದಳು, ಆಮೇಲೆ ಆಗಲಿಲ್ಲ. ಮೆಸ್ಸಿನವರು ಈ ತಿಂಗಳ ಕೊನೆಯವರೆಗೆ ಕಾಯುತ್ತೇವೆ ಎಂದರು. ನಾಲ್ಕು ಸಲ ಆಕೆಯ ಜೊತೆ ನಿಮ್ಮ ಕಚೇರಿಯ ಮೆಟ್ಟಿಲು ಹತ್ತಿದ್ದೇನೆ.

“ಸಹಿ ಮಾಡವ್ವ, ನಾಳೆನೇ ಕರೆಂಟು,” ಎಂದರು ನಿಮ್ಮ ಗುಮಾಸ್ತರು.

“ಮಾಡ್ತೀನಪ್ಪ. ಬೀರಪ್ಪನ ವೈರ್‌ಮನ್ ಪರ್ಮಿಟ್ಟು ಉಳೀತೈತೇನು?”

ಗುಮಾಸ್ತರು ಫ್ಯಾನು ನೋಡಿದರು. ಆಕೆ ಪ್ರತಿ ಸಲವೂ ಪೆನ್ನು ಕೆಳಗಿಟ್ಟು ಎದ್ದು ಬಂದಳು.

ಮೊನ್ನೆ ಸಣ್ಣಬೀರಪ್ಪನೇ ಆಕೆಯ ಮನೆಗೆ ಬಂದ. “ಅಕ್ಕ, ಹಾಕಿಬಿಡ್ರಿ. ನನ್ನ ಹೆಂಗೂ ಯಾರೂ ಕರೆಯಂಗಿಲ್ಲ ಈಗ. ನಿಮ್ಮ ಮಷಿನ್ನಾರ ತಿರುಗಲಿ.”

“ನಿನ್ನ ಅನ್ನಕ್ಕೆ ನಾನು ಮಣ್ಣು ಹಾಕ್ಲೇನೋ?”

“ನೀವಲ್ರಿ ಹಾಕೋದು.”

ಇವತ್ತು ಬೆಳಿಗ್ಗೆ ಆಕೆ ಸಹಿ ಹಾಕಿದಳು. ನಿಮ್ಮ ಕಡತ ಪೂರ್ತಿಯಾಯಿತು. ಅಭಿನಂದನೆಗಳು.

ನ್ಯಾಯ ಕೊಡಿ ಎಂದು ಈ ಪತ್ರ ಬರೆಯುತ್ತಿಲ್ಲ. ಅದು ನಿಮ್ಮ ಸ್ಟೋರಿನಲ್ಲಿ ಇಲ್ಲವೆಂದು ತಿಳಿದಿದೆ. ಇನ್ನೂ ಹತ್ತು ಮನೆಯ ಬೋರ್ಡಿನಲ್ಲಿ ಅಂಥದೇ ಗಂಟುಗಳಿವೆ. ಮಳೆ ಹಿಡಿಯುವ ಮೊದಲು ಹತ್ತು ಮನೆಗೂ ಲಗ್ ಕಳಿಸಿ, ಗಂಟು ಬಿಚ್ಚಿಸಿ ಹಾಕಿಸಿ. ಕಳೆದ ವಾರ ನಿಮ್ಮವನೊಬ್ಬ ಬಂದು ಅರ್ಧ ಗಂಟೆ ಒದ್ದಾಡಿ, “ಇದು ನನ್ನ ಕೈಲಿ ಬಿಚ್ಚಲ್ಲ” ಎಂದು ಹೊರಟುಹೋದ. ಬಿಚ್ಚಲು ಬಲ್ಲವನು ಒಬ್ಬನೇ. ಇವತ್ತಿನಿಂದ ಅವನು ವೈರು ಮುಟ್ಟುವಂತಿಲ್ಲ ಎಂದು ನೀವೇ ಬರೆಸಿಕೊಂಡಿದ್ದೀರಿ.

ಇಂತಿ,
ಉಳಿದ ಹತ್ತು ಮನೆಗಳಲ್ಲಿ ಮೂರನೆಯದರ ಯಜಮಾನ, ಸದ್ಯಕ್ಕೆ ಕರೆಂಟಿರುವ
ಹನುಮೇಶ್, ಗುತ್ತೂರು