ಉಳಿದರ್ಧಕ್ಕೆ ಅಕ್ಕನ ಸಹಿ

ಆಗಸ್ಟ್ 19, 2024, ಸೋಮವಾರ
ಇವತ್ತೂ ಶಾಂತಿಗ್ರಾಮದಿಂದ ನಿಂತುಕೊಂಡೇ ಬಂದೆ. ಬಸ್ ಫುಲ್. ಹಾಸನದ ಬ್ಯಾಂಕಿನ ಮುಂದೆ ರೂಪಕ್ಕ ಆಗಲೇ ಕಾಯುತ್ತಿದ್ದಳು, ಆಸ್ಪತ್ರೆ ಲ್ಯಾಬಿನ ಬಿಳಿ ಕೋಟಿನಲ್ಲೇ. ಕಾಲೇಜಿನವರು ಅರ್ಧ ಫೀಸು ಗ್ರಾಂಟ್ ಕೊಡುತ್ತಾರೆ — ತೀರಿಸಬೇಕಿಲ್ಲ. ಉಳಿದರ್ಧ ಎಜುಕೇಶನ್ ಲೋನ್. ಅಪ್ಪನ ಬಳೆ ಅಂಗಡಿಗೆ ಸ್ಯಾಲರಿ ಸ್ಲಿಪ್ ಎಲ್ಲಿಂದ ಬರಬೇಕು... ನನ್ನ ಜೊತೆ ಅಕ್ಕನೇ ಸಹಿ ಹಾಕಿದಳು.
"ಸಿಜಿಪಿಎ ಎಂಟರ ಮ್ಯಾಲಿದ್ರೇನೇ ಅರ್ಧ ಗ್ರಾಂಟು. ಓದ್ಬೇಕು ಕಣೇ ತೇಜು."

ಜನವರಿ 9, 2025
ಡೆಂಗ್ಯೂ. ಎರಡು ಪೇಪರ್ ಬರೆಯಲಾಗಲಿಲ್ಲ. ಅಕ್ಕನೇ ರಕ್ತ ತೆಗೆದಳು.

ಫೆಬ್ರವರಿ 24
ಸಿಜಿಪಿಎ ಎಂಟು ದಾಟಲಿಲ್ಲ; ಗ್ರಾಂಟ್ ಅರ್ಧದಿಂದ ಕಾಲು ಭಾಗಕ್ಕೆ ಇಳಿಯಿತು. "ರೂಲ್ಸು ಕಣಮ್ಮ. ಕಮ್ಮಿ ಬಿದ್ದಿದ್ದನ್ನ ಲೋನ್‌ಗೆ ಸೇರಿಸ್ಕೊಳ್ಳಿ," ಅಂದರು ಆಫೀಸಿನ ಮೇಡಂ. ಅಂದರೆ ಅಕ್ಕ ಮತ್ತೆ ಸಹಿ ಹಾಕಬೇಕು. ಮೇ ತಿಂಗಳಲ್ಲಿ ಅವಳ ಮದುವೆ, ಚನ್ನರಾಯಪಟ್ಟಣದ ಗೌರೀಶನ ಜೊತೆ. ಅವನ ಫೋನ್ ಬಂದರೆ ಸಾಕು, ಹಿತ್ತಲಿಗೆ ಓಡುತ್ತಾಳೆ.

ಫೆಬ್ರವರಿ 27
ಗೌರೀಶನ ತಾಯಿ ದಾಕ್ಷಾಯಣಮ್ಮ ಬಂದಿದ್ದರು. ಕಾಫಿ ಮುಟ್ಟಲಿಲ್ಲ.
"ತಂಗಿ ಸಾಲ ಒತ್ಕೊಂಡ್ ಬರೋ ಸೊಸೆ ನಮಗ್ ಬ್ಯಾಡ. ಇನ್ನೊಂದ್ ಸಹಿ ಆಕುದ್ರೆ ಮದುವೆ ಇಲ್ಲ ಅನ್ಕೊಳಿ."
ಅಪ್ಪ ಆರಿದ ಕಾಫಿ ಲೋಟ ಒಳಗೆ ತಂದಿಟ್ಟರು.
ಕಾಲೇಜು ಬಿಡುತ್ತೇನೆ ಅಂದೆ. ಅಕ್ಕ ಕೆನ್ನೆಗೆ ಬಾರಿಸಿದಳು. ಆಮೇಲೆ ಅವಳೇ ಅತ್ತಳು.

ಮಾರ್ಚ್ 3
"ಎಲ್ಲಾಕ್ಬೇಕು ಸಾ?" ಬ್ಯಾಂಕಿನಲ್ಲಿ ಅಕ್ಕ ಅಷ್ಟೇ ಕೇಳಿದ್ದು. ಸಹಿ ಹಾಕಿದಳು.
ಬಸ್‌ಸ್ಟ್ಯಾಂಡಿನಲ್ಲಿ ತನ್ನ ಫೋನ್ ನನ್ನ ಕೈಗಿಟ್ಟಳು. ಗೌರೀಶನ ನಂಬರ್.
"ಬ್ಲಾಕ್ ಮಾಡ್ಬುಡು. ಅವ್ರ ಧ್ವನಿ ಕೇಳುದ್ರೆ ತಡ್ಕೊಳಕ್ಕಾಗಲ್ಲ ನಂಗೆ."
ಮಾಡಿದೆ.

ಜುಲೈ 18, ಶುಕ್ರವಾರ, ಸಂಜೆ
8.4! ಮುಂದಿನ ವರ್ಷ ಗ್ರಾಂಟ್ ಮತ್ತೆ ಅರ್ಧ. ಅಕ್ಕನಿಗೆ ಹೇಳಲು ಆಸ್ಪತ್ರೆಗೆ ಹೊರಟೆ. ಬಸ್‌ಸ್ಟ್ಯಾಂಡಿನಲ್ಲಿ ಗೌರೀಶ. ಸೊರಗಿದ್ದ. ಕೈಯಲ್ಲಿ ಲಗ್ನಪತ್ರಿಕೆಯ ಕಟ್ಟು — ಅವನದೇ ಮದುವೆ, ಹುಡುಗಿ ಅರಕಲಗೂಡಿನವಳು.
"ನಿಮ್ಮಕ್ಕಂಗೆ ಎಷ್ಟ್ ಸಲ ಫೋನ್ ಮಾಡ್ದೆ ಗೊತ್ತಾ? ಅಮ್ಮನ್ನ ಒಪ್ಪಿಸ್ಬುಟ್ಟಿದ್ದೆ ಕಣಮ್ಮ. ಮನೆಗ್ ಬರಕ್ಕೆ ಮುಖ ಇರ್ಲಿಲ್ಲ... ಫೋನು ಸಿಗ್ಲೇ ಇಲ್ಲ. ನನ್ನ ಬ್ಯಾಡ ಅಂದ್ಕೊಂಡ್ಳೇನೋ ಅಂತ—"
ಬಂದ ಬಸ್ಸಿಗೆ ಹತ್ತಿಬಿಟ್ಟೆ.
8.4 ಅಂದಿದ್ದೇ ಅಕ್ಕ ಲ್ಯಾಬಿನಲ್ಲೇ ತಬ್ಬಿಕೊಂಡಳು. ಎಷ್ಟು ತಿಂಗಳ ಮೇಲೆ ನಕ್ಕಳು! "ಇನ್ನೇನ್ ಸಮಾಚಾರ?" ಅಂದಳು.
ಏನಿಲ್ಲ ಅಂದೆ.
ಈಗ ಅಡುಗೆಮನೆಯಲ್ಲಿ ನನಗೆ ಅಂತ ಪಾಯಸ ಮಾಡುತ್ತಿದ್ದಾಳೆ. ಹೇಳಲೇಬೇಕು. ಉಂಡ ಮೇಲೆ ಹೇಳಲೆ? ಗೌರೀಶನ ಮದುವೆ ಮುಗಿದ ಮೇಲೆ? "ತೇಜೂ, ಸಿಹಿ ಸಾಕಾ ನೋಡು ಬಾರೇ" ಅಂತ ಕರೆಯುತ್ತಿ—