ನಮ್ಮನೆ ಬಾಗಿಲಿಗೊಂದು ಬೀಗ

ಅಪ್ಪ,

ನೀನು ಸ್ನಾನಕ್ಕೆ ಹೋದಾಗ ಬರೀತಿದ್ದೀನಿ. ಎದುರಿಗೆ ಹೇಳೋಕೆ ಬಾಯಿ ಬರಲ್ಲ. ಇವತ್ತಿಂದ ನಾನು ಕೆಲಸಕ್ಕೆ ಹೋಗಲೇಬೇಕು.

ಊಟ ಮುಚ್ಚಿಟ್ಟಿದ್ದೀನಿ, ಬಿಸಿ ಮಾಡ್ಕೊಂಡು ತಿನ್ನು. ಗ್ಯಾಸ್ ಆಫ್ ಮಾಡೋದು ಮರೀಬೇಡ. ನಿನ್ನ ಮಾತ್ರೆಗಳಲ್ಲಿ ಬೆಳಗಿನದು ಯಾವುದು, ರಾತ್ರೀದು ಯಾವುದು ಅಂತ ಅಮ್ಮನಿಗೆ ಮಾತ್ರ ಗೊತ್ತಿತ್ತು. ಮೆಡಿಕಲ್ ಶಾಪಲ್ಲಿ ಕೇಳಿ ಡಬ್ಬಿ ಮೇಲೆ ಬರೆದಿಟ್ಟಿದ್ದೀನಿ.

ಮೇಜಿನ ಮೇಲಿರೋ ಬೀಗ ನಿನ್ನ ಅಂಗಡಿಯದ್ದೇ. ಹೊರಡುವಾಗ ಬಾಗಿಲಿಗೆ ಹಾಕು. ಇನ್ನೊಂದು ಕೀ ನನ್ನ ಹತ್ರ ಇದೆ.

ಊರಿಗೆಲ್ಲ ಬೀಗ ಮಾರ್ತೀಯ, ಕಳೆದುಹೋದ ಕೀ ಮಾಡ್ಕೊಡ್ತೀಯ, ನಮ್ಮನೇಲಿ ಮಾತ್ರ ಒಂದು ಬೀಗ ಇರಲಿಲ್ಲ. ಯಾಕೆ ಬೇಕಿತ್ತು? ಮದುವೆಯಾಗಿ ಬಂದಾಗಿನಿಂದ ಅಮ್ಮ ಮನೇಲೇ ಇದ್ದಳಲ್ಲ. ಅವಳು ತಂಗಿ ಮನೆಗೆ ಎರಡು ದಿನ ಹೋಗಿಬರ್ತೀನಿ ಅಂದ್ರೂ ನೀನು, "ಮನೆ ಯಾರು ನೋಡ್ಕೋತಾರೆ?" ಅಂತಿದ್ದೆ. ಕೊನೆಗೆ ಅವಳನ್ನ ಹೊತ್ಕೊಂಡು ಹೊರಟ ದಿನ ಬಾಗಿಲಿಗೆ ಹಾಕೋಕೆ ಏನೂ ಸಿಗದೆ, ಅವಳು ಬಟ್ಟೆ ಒಣಗಿಸ್ತಿದ್ದ ಹಗ್ಗ ಬಿಚ್ಚಿ ಚಿಲಕಕ್ಕೆ ಕಟ್ಟಿ ಹೋದ್ವಿ.

ನನಗೆ ನಿನ್ನ ಮೇಲೆ ಸಿಟ್ಟಿದೆ, ಸುಳ್ಳು ಹೇಳಲ್ಲ. ಆದ್ರೂ ಸಂಜೆ ಬಂದು ನಿನ್ನೆ ನಾನು ಮೆಡಿಕಲ್ ಶಾಪಿಗೆ ಹೋಗಿದ್ದಾಗಿನ ಥರ ಬೆಲ್ ಒತ್ತಿ ಕಾಯ್ತಾ ನಿಂತ್ಕೋಬೇಡ. ನಾನು ಮತ್ತೆ ಅದೇ ಹಗ್ಗ ಕಟ್ಟಿ ಹೋಗಿದ್ದ ಬಾಗಿಲ ಮುಂದೆ ನಿನ್ನ ನೋಡಿ ಪಕ್ಕದ ಮನೆ ಆಂಟಿ ಅತ್ತುಬಿಟ್ರಂತೆ. ಕೀ ಜೇಬಲ್ಲೇ ಇರುತ್ತೆ, ನೀನೇ ತೆಕ್ಕೋ.

ಅಮ್ಮನ್ನ ಮಣ್ಣು ಮಾಡಿ ಬಂದಾಗ, ಆ ಹಗ್ಗ ಬಿಚ್ಚೋಕೆ ಮುಂಚೆ, ನಾನೂ ಬೆಲ್ ಒತ್ತಿದ್ದೆ.